ಇಂಗ್ಲಿಷ್ ರಿಪೇರಿ ಮಾಡಿಕೊಡಲಾಗುವುದು

ಕಿರಿಮಂಜೇಶ್ವರದಲ್ಲಿ ಹೆದ್ದಾರಿಗೆ ತಾಗಿಕೊಂಡು ಒಂದು ತಗಡಿನ ಶೆಡ್ಡು, ಶೆಡ್ಡಿನ ತುಂಬ ಬಿಚ್ಚಿ ಹಾಕಿದ ದೋಣಿ ಇಂಜಿನ್‌ಗಳು, ಅವುಗಳ ನಡುವೆ ಗ್ರೀಸು ಮೆತ್ತಿದ ಕೈಗಳ ಲೀಲಾಧರ. ಕೊಡೇರಿ ಬಂದರಿನ ದೋಣಿಗಳಲ್ಲಿ ಅರ್ಧಕ್ಕರ್ಧ ಅವನ ಕೈಯಲ್ಲೇ ಕೆಮ್ಮು ವಾಸಿ ಮಾಡಿಕೊಂಡಂಥವು. ಕೆಲಸಕ್ಕೆ ಕೊರತೆಯಿರಲಿಲ್ಲ, ಊಟಕ್ಕೂ ಇರಲಿಲ್ಲ. ಇದ್ದ ಕೊರತೆ ಒಂದೇ. ಅವನ ಫೋಟೋ ಅದುವರೆಗೆ ಯಾವ ಫ್ಲೆಕ್ಸಿನಲ್ಲೂ ಬಂದಿರಲಿಲ್ಲ.

ಊರಿನ ಕ್ರಿಕೆಟ್ ಪಂದ್ಯಾಟದಲ್ಲಿ ಸಮುದ್ರಕ್ಕೆ ಬಿದ್ದ ಚೆಂಡು ಹೆಕ್ಕಿ ತಂದವನ ಫೋಟೋ ಕೂಡ ಬಂದಿತ್ತು. ಲೀಲಾಧರನ ಹೆಂಡತಿ ಸರಸಳ ಅಣ್ಣ ಜಿತೇಂದ್ರನದಂತೂ, ಅವನು ಮುಂಬೈ ರೈಲಿನಿಂದ ಇಳಿಯುವ ಮೊದಲೇ ಬೈಂದೂರು ಸ್ಟೇಶನ್ನಿನ ಎದುರು ಬಂದು ನಿಂತಿರುತ್ತಿತ್ತು. ಠಾಣೆಯಲ್ಲಿ ಹೋಟೆಲ್ ಇಟ್ಟಿದ್ದ ಜಿತೇಂದ್ರ ಆ ಫ್ಲೆಕ್ಸುಗಳಲ್ಲಿ ಕಪ್ಪು ಕನ್ನಡಕ ಹಾಕಿ, ಕೈ ಮುಗಿದು, ತನಗೆ ಗೊತ್ತೇ ಇಲ್ಲದ ಕಾರ್ಯಕ್ರಮಗಳಿಗೆ ಸಮಸ್ತರನ್ನೂ ಸ್ವಾಗತಿಸುತ್ತಿದ್ದ.

ಯಾರೂ ಹಾಕದಿದ್ದರೆ ತಾನೇ ಹಾಕಿಸುವುದೆಂದು ಲೀಲಾಧರ ಒಂದು ಮೇ ತಿಂಗಳಲ್ಲಿ ನಿರ್ಧರಿಸಿದ. ಬಂದರಿನಲ್ಲಿ ಒಂದು ಕೈಯನ್ನು ಇಂಜಿನ್ನಿನ ಹೊಟ್ಟೆಯೊಳಗಿಟ್ಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು, ಕುಂದಾಪುರದ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕಾದ ಮ್ಯಾಟರನ್ನು ಬಾಯಲ್ಲೇ ಹೇಳಿ ಟೈಪಾಗುವಂತೆ ಮಾಡಿದ. ಆ ಕಡೆಯಿಂದ ಗಾಳಿ, ಈ ಕಡೆಯಿಂದ ಪಕ್ಕದ ದೋಣಿಯ ಇಂಜಿನ್ನಿನ ಸದ್ದು. ಮೊಬೈಲು ತನ್ನ ಬುದ್ಧಿಗೆ ತೋಚಿದ್ದನ್ನು ಬರೆದು ಕಳಿಸಿತು.

ಎರಡು ದಿನ ಬಿಟ್ಟು ಬೋರ್ಡು ಬಂತು, ಶೆಡ್ಡಿನ ಎದುರು ರಸ್ತೆಗೆ ಮುಖ ಮಾಡಿ ನಿಂತಿತು. ಲೀಲಾಧರ ರಸ್ತೆ ದಾಟಿ ಆಚೆ ಬದಿಯಿಂದ ನೋಡಿದ. ತನ್ನ ಫೋಟೋ ಆಳೆತ್ತರ ಇತ್ತು. ಸರಸಳನ್ನು ಕರೆದುಕೊಂಡು ಬಂದು ತೋರಿಸಿದ.

"ತಲಿ ಸರಿ ಬಾಚ್ಕಣ್ಲಿಲ್ಲೆ ನೀವ್," ಎಂದಳು ಸರಸ.

ಇಬ್ಬರೂ ಸಾಕಷ್ಟು ಹೊತ್ತು ತಲೆಗೂದಲನ್ನೇ ನೋಡಿ ಒಳಗೆ ಹೋದರು. ಫ್ಲೆಕ್ಸಿನಲ್ಲಿ ಫೋಟೋ ಇರುವವರು ಅದರ ಅಕ್ಷರಗಳನ್ನು ಓದಿದ ದಾಖಲೆ ನಮ್ಮ ತಾಲೂಕಿನಲ್ಲಿ ಇಲ್ಲ. ಲೀಲಾಧರನೊಬ್ಬ ಅದಕ್ಕೆ ಹೊರತಾಗಬೇಕೆಂದು ಯಾರೂ ಹೇಳುವಂತಿಲ್ಲ.

ಮರುದಿನ ಬೆಳಿಗ್ಗೆ ಯಡ್ತರೆಯ ಅಣ್ಣಯ್ಯ ಎಂಬ ಹಿರಿಯರು ಬಸ್ಸಿನಿಂದಿಳಿದು, ಕೊಡೆ ಮಡಚಿ, ಶೆಡ್ಡಿನ ಬಾಗಿಲಲ್ಲಿ ನಿಂತರು. ಗದ್ದೆ ತೋಟ ಇದ್ದ ಮನೆತನದವರು, ಮಾತಿನಲ್ಲಿ ತೂಕವಿತ್ತು.

"ಹ್ವಾಯ್, ಲೀಲಾಧರ ಅಂದ್ರೆ ನೀವೇಯಾ?"

"ನಾನೇ. ಬನ್ನಿ, ಕೂಕಣಿ. ಎಂತ ಆಯ್ತ್?"

"ಬೋರ್ಡ್ ಕಂಡ್ ಬಂದದ್ದ್. ಎಷ್ಟ್ ಕೆಟ್ಟ್ ನಿಂತದ್ದಾರೂ ಸರಿ ಮಾಡ್ತ್ರಿ ಅಂದೇಳಿ ಬರ್ದಿತ್ತಲೆ."

"ಮಾಡ್ತೆ. ಎಷ್ಟ್ ವರ್ಷದ್ದ್?"

"ಹದಿನೇಳ್."

"ಅಷ್ಟೆಲ್ಲ ಹಳತೇನ್ ಅಲ್ಲ. ಸ್ಟಾರ್ಟ್ ಆತ್ತಾ?"

ಅಣ್ಣಯ್ಯ ನಿಟ್ಟುಸಿರು ಬಿಟ್ಟರು. "ಸ್ಟಾರ್ಟ್ ಆತ್ತ್. ಒಂದೆರಡ್ ಶಬ್ದ ಬತ್ತ್. ಮತ್ತೆ ಬಂದ್."

"ಹೊಗೆ ಬತ್ತಾ?"

"ಹೊಗೆ ಎಂತದ್ದ್. ನೀರ್ ಇಳೀತ್, ಅಷ್ಟೇ. ಅಂಗಿ ಪೂರಾ ಚಂಡಿ."

"ನೀರ್ ಬಪ್ಪುದು ಒಳ್ಳೇದಲ್ಲ. ಮುಂಚೆ ಯಾರಾರೂ ಕೈ ಹಾಕಿರಾ?"

"ಬ್ರಹ್ಮಾವರದಗೆ ಒಬ್ರ್ ಹತ್ರ ಬಿಟ್ಟಿದ್ದೆ. ಸುಮಾರ್ ತಿಂಗ್ಳ್ ಇಟ್ಕಂಡಿರ್. ಮುಂಚೆ ಇದ್ದ ಶಬ್ದವೂ ಹೋಯ್ತ್."

"ಅವ್ರೆಲ್ಲ ಹಾಂಗೇ," ಎಂದ ಲೀಲಾಧರ, ಪರವೂರಿನ ಮೆಕ್ಯಾನಿಕ್‌ಗಳ ಮೇಲೆ ಅವನಿಗೆ ಮೊದಲಿಂದಲೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. "ನೀವ್ ನಾಳಿಗೆ ತಕಬನ್ನಿ. ಪೂರಾ ಬಿಚ್ಚಿ, ಒಂದ್ ದಿನ ಡೀಸೆಲಗೆ ಮುಳ್ಗ್ಸಿ ಇಡ್ತೆ. ಮತ್ತೆ ಸುತ್ತಿಗಿಯಗೆ ಎರಡ್ ಕೊಟ್ರೆ ಸರಿ ಆತ್ತ್."

ಅಣ್ಣಯ್ಯ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಹೊಡೂದ್ ಬೇಕಾ?" ಎಂದರು. "ಅವ್ನ ಅಮ್ಮಂಗೆ ಗೊತ್ತಾದ್ರೆ ನನ್ನ ಮನಿ ಒಳಗ್ ಸೇರ್ಸುದಿಲ್ಲೆ."

"ಯಾರ ಅಮ್ಮ?"

"ಕೌಶಲನ ಅಮ್ಮ. ನನ್ನ ಸೊಸೆ. ಅವ ನನ್ನ ಮೊಮ್ಮಗ ಮಾರಾಯ್ರೆ. ಎಸ್ಸೆಸ್ಸೆಲ್ಸಿಯಗೆ ಇಂಗ್ಲಿಷ್ ಒಂದ್ರಗೆ ಎರಡ್ ಸಲ ಫೇಲ್."

ಲೀಲಾಧರ ಕೈಯಲ್ಲಿದ್ದ ಸ್ಪಾನರನ್ನು ಮೆಲ್ಲಗೆ ಕೆಳಗಿಟ್ಟ. ಇಬ್ಬರೂ ಹೊರಗೆ ಬಂದು ಬೋರ್ಡಿನ ಎದುರು ನಿಂತರು. ದೊಡ್ಡ ದೊಡ್ಡ ಕೆಂಪು ಅಕ್ಷರದಲ್ಲಿ ಹೀಗಿತ್ತು: ‘ಎಲ್ಲಾ ತರಹದ ಇಂಗ್ಲಿಷ್ ರಿಪೇರಿ ಮಾಡಿಕೊಡಲಾಗುವುದು. ಎಷ್ಟೇ ಹಳೆಯದಾಗಿರಲಿ, ಎಷ್ಟೇ ಕೆಟ್ಟು ನಿಂತಿರಲಿ, ಗ್ಯಾರಂಟಿ.’

ಅದು ಇಂಜಿನ್ ಆಗಬೇಕಿತ್ತು, ಮೊಬೈಲು ಇಂಗ್ಲಿಷ್ ಮಾಡಿತ್ತು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಲೀಲಾಧರ ಬಾಯಿ ತೆರೆದದ್ದೂ ಹೌದು. ಆದರೆ ಅಷ್ಟರಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಗಾಜು ಇಳಿಯಿತು. ಕಪ್ಪು ಕನ್ನಡಕ ಕಾಣಿಸಿತು. ರಜೆಯಲ್ಲಿ ಊರಿಗೆ ಬಂದಿದ್ದ ಜಿತೇಂದ್ರ ಬೋರ್ಡನ್ನು ಗಟ್ಟಿಯಾಗಿ ಓದಿ, ಇನ್ನೊಮ್ಮೆ ಓದಿ, ಕಾರಿನ ಹಾರ್ನಿನ ಮೇಲೆ ತಲೆಯಿಟ್ಟು ನಕ್ಕ.

"ಅರೇ ಭಾವ, ಇದೆಂತ? ಪ್ರಿಂಟ್ ತಪ್ಪಿತಾ?"

ಬೇರೆ ಯಾರು ಕೇಳಿದ್ದರೂ ಲೀಲಾಧರ ಹೌದು ಅನ್ನುತ್ತಿದ್ದ. ಕಪ್ಪು ಕನ್ನಡಕದ ಎದುರು ಹಾಗೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

"ತಪ್ಪೆಂತಕೆ? ಸರಿಯೇ ಇತ್ತ್. ನಾನೇ ಹೇಳಿ ಬರ್ಸದ್ದ್."

"ನಿಮಗೆ ಇಂಗ್ಲಿಷ್ ಎಲ್ ಬತ್ತ್?"

"ರಿಪೇರಿ ಮಾಡೋನಿಗೆ ಓಡ್ಸುಕೆ ಬರ್ಕ್ ಅಂದೇಳಿ ಇಲ್ಲೆ," ಎಂದ ಲೀಲಾಧರ. ಹೇಳಿ ಮುಗಿದ ಮೇಲೆ ಅವನಿಗೇ ಅದು ಬಹಳ ಒಳ್ಳೆಯ ಮಾತೆನಿಸಿತು. ಅಣ್ಣಯ್ಯರತ್ತ ತಿರುಗಿ, "ನಾಳಿಗೆ ಕಳ್ಸಿ ಮೊಮ್ಮಗನ್ನ. ಡೀಸೆಲ್ ಬ್ಯಾಡ," ಎಂದ.

ಜಿತೇಂದ್ರ ಅಂದು ಮಧ್ಯಾಹ್ನದೊಳಗೆ ಮರವಂತೆಯಿಂದ ಶಿರೂರಿನವರೆಗೆ ಗುರುತಿದ್ದವರಿಗೆಲ್ಲ ಬೋರ್ಡಿನ ಫೋಟೋ ಕಳಿಸಿದ. ನಗಲಿಕ್ಕೆಂದು ಕಳಿಸಿದ್ದು. ಅರ್ಧ ಜನ ನಕ್ಕರು. ಉಳಿದರ್ಧ ಜನರ ಮನೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾದ ಮಕ್ಕಳಿದ್ದರು. ಅವರು ವಿಳಾಸ ಕೇಳಿದರು.

ಮರುದಿನ ಶೆಡ್ಡಿಗೆ ಮೊದಲು ಬಂದವಳು ಮೀನು ಮಾರುವ ಜಲಜ, ಹಿಂದೆ ಮುಖ ಊದಿಸಿಕೊಂಡ ಮಗಳು ಶರಣ್ಯಾ. ಉಳಿದ ವಿಷಯಗಳಲ್ಲೆಲ್ಲ ಒಳ್ಳೆಯ ಅಂಕ ತೆಗೆದಿದ್ದ ಶರಣ್ಯಾ ಇಂಗ್ಲಿಷಿನಲ್ಲಿ ಮಾತ್ರ ಮುಗ್ಗರಿಸಿದ್ದಳು.

"ಲೀಲಾಧರಣ್ಣ, ಈ ಸಲ ಸಪ್ಲಿಮೆಂಟ್ರಿಯಗೆ ಪಾಸ್ ಆಯ್ಲಿಲ್ಲ ಅಂದ್ರೆ ಕಾಲೇಜ್ ಇಲ್ಲೆ," ಎಂದಳು ಜಲಜ. "ಮೀನ್ ಕಟಿಂಗಿಗೆ ಹೋಪುಕೆ ಹೇಳಿದ್ದೆ. ನಂಗೆ ಅದ್ನ ಅಲ್ಲ್ ಕಳ್ಸುಕೆ ಮನಸ್ಸಿಲ್ಲೆ. ಹಾಂಗೆ ಹೇಳಿ ಹೆದ್ರಸ್ತಾ ಇದ್ದೆ, ಅಷ್ಟೇ. ನಂಗೇ ಹೆದ್ರಿಕಿ ಆತಾ ಇತ್ತ್."

ಆಮೇಲೆ ಅಣ್ಣಯ್ಯ ಮೊಮ್ಮಗನನ್ನು ಕರೆತಂದರು. ಕೌಶಲ್ ಎತ್ತರದ ಹುಡುಗ, ಆದರೆ ಎತ್ತರವೆಲ್ಲ ಬಾಗಿಹೋಗಿತ್ತು. ಪುಸ್ತಕ ತೆರೆಯುವ ಮೊದಲೇ ಬೆವರಿದ. ಇನ್ನೂ ನಾಲ್ಕಾರು ಮಕ್ಕಳು ಬಂದರು. ಎಲ್ಲರೂ ಇಂಜಿನ್‌ಗಳ ಮಧ್ಯೆ ಮಗುಚಿದ ಡಬ್ಬಿಗಳ ಮೇಲೆ ಕೂತು ಲೀಲಾಧರನ ಮುಖ ನೋಡತೊಡಗಿದರು.

ಲೀಲಾಧರನಿಗೆ ಅಂಗಿ ಚಂಡಿಯಾಗುವುದೆಂದರೆ ಏನೆಂದು ಆಗ ಗೊತ್ತಾಯಿತು. ಪುಸ್ತಕ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು, ಸರಿಮಾಡಿ, "ಎಂತ ಕೆಟ್ಟಿತ್, ಓದ್," ಎಂದ.

ಶರಣ್ಯಾ ಓದಿದಳು. "‘ದ ಬೋಟ್ ವಾಸ್ ಪುಶ್ಡ್ ಬೈ ದ ಮೆನ್.’ ಇದ್ನ ಬದ್ಲ್ ಮಾಡ್ಕ್ ಮಾಮ. ಆ್ಯಕ್ಟಿವ್ ವಾಯ್ಸಿಗೆ."

"ಬೋಟ್ ಗೊತ್ತಾಯ್ತ್. ಪುಶ್ ಗೊತ್ತಾಯ್ತ್. ನಡ್ಗೆ ಈ ವಾಸ್ ಎಂತಕೆ? ತೆಗೆದ್ ಕಾಂಬ."

"ತೆಗುಕಾತ್ತಿಲ್ಲೆ ಮಾಮ."

"ತೆಗೆದ್ರೆ ಎಂತ ಆತ್ತ್? ಓಡ್ತಾ, ನಿಲ್ಲತ್ತಾ?"

ಶರಣ್ಯಾ ತಡವರಿಸಿದಳು. ಹೀಗೆ ಯಾರೂ ಕೇಳಿರಲಿಲ್ಲ. ವಾಸ್ ತೆಗೆದರೆ ಬೋಟೇ ಯಾರನ್ನೋ ದೂಡಿದ ಹಾಗೆ ಆಗುತ್ತದೆ ಎಂದಳು. ಲೀಲಾಧರ ಒಪ್ಪಲಿಲ್ಲ. ಬೈ ದ ಮೆನ್ ಅಂತ ಹಿಂದೆ ಇದೆಯಲ್ಲ, ದೂಡಿದ್ದು ಜನವೇ ಎಂದು ತನಗೆ ಗೊತ್ತಾಯಿತಲ್ಲ ಎಂದ. ಅವಳು ಇನ್ನೊಂದು ರೀತಿ ಹೇಳಿದಳು. ಅವನು ಅದನ್ನೂ ಒಪ್ಪಲಿಲ್ಲ. ಲೀಲಾಧರ ನಟಿಸುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಪಾರ್ಟನ್ನು ಅವನು ಎಂದೂ ಹಾಗೇ ಜೋಡಿಸಿದವನಲ್ಲ.

ಮೂರನೆಯ ಸಲವೂ ಅವನು ತಲೆಯಾಡಿಸಿದಾಗ ಮೂಲೆಯಲ್ಲಿದ್ದ ಕೌಶಲ್‌ಗೆ ತಡೆಯಲಾಗಲಿಲ್ಲ. ಎದ್ದು ಬಂದು, ನೆಲದ ಮೇಲಿದ್ದ ಒಂದು ಪಿಸ್ಟನ್ನನ್ನು ಕಾಲಲ್ಲಿ ದೂಡಿದ.

"ಕಾಣಿ. ಐ ಪುಶ್ಡ್ ದ ಪಿಸ್ಟನ್. ನಾ ದೂಡದ್ದ್. ಈಗ ಪಿಸ್ಟನ್ ಮುಂದ್ ಬರ್ಕ್. ದ ಪಿಸ್ಟನ್ ವಾಸ್ ಪುಶ್ಡ್. ಅದ್ ಎಂತದೂ ಮಾಡ್ಲಿಲ್ಲೆ. ಸುಮ್ನೆ ಬಿದ್ಕಂಡಿತ್. ಎಂತದೂ ಮಾಡದೆ ದೂಡ್ಸ್ಕಂಡ್ರೆ ವಾಸ್ ಬೇಕ್. ಅಷ್ಟೂ ಗೊತ್ತಾತ್ತಿಲ್ಯಾ ನಿಮಗೆ?"

ತಾನು ಇಷ್ಟು ಮಾತಾಡಿದೆನೆಂದು ಕೌಶಲ್‌ಗೇ ಆಶ್ಚರ್ಯ. ಬ್ರಹ್ಮಾವರದ ಟ್ಯೂಶನ್ ಸರ್‌ಗೆ ಎಲ್ಲವೂ ಗೊತ್ತಿತ್ತು. ಅವರೆದುರು ತಪ್ಪು ಹೇಳುವ ನಾಚಿಕೆಗೆ ಅವನು ಬಾಯಿಯನ್ನೇ ತೆರೆದಿರಲಿಲ್ಲ. ಲೀಲಾಧರನಿಗೆ ಏನೂ ಗೊತ್ತಿರಲಿಲ್ಲ. ಏನೂ ಗೊತ್ತಿಲ್ಲದವರ ಎದುರು ಮಾತಾಡುವ ಸುಖವೇ ಬೇರೆ.

"ಈಗ ಗೊತ್ತಾಯ್ತ್," ಎಂದ ಲೀಲಾಧರ, ನಿಜಕ್ಕೂ ಸಂತೋಷದಿಂದ. "ಮುಂದಿಂದ್ ಎಂತ?"

ಬಾಗಿಲ ಹೊರಗೆ ಅಣ್ಣಯ್ಯ ಕೊಡೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಬಿಸಿಲಿರಲಿಲ್ಲ.

ಅಂದಿನಿಂದ ಶೆಡ್ಡಿನಲ್ಲಿ ದಿನಾ ಸಂಜೆ ಜಗಳವೋ ಜಗಳ. ಒಂದೊಂದು ವಾಕ್ಯವನ್ನೂ ಮಕ್ಕಳು ಬಿಚ್ಚಬೇಕು, ಒಂದೊಂದು ತುಂಡೂ ಏಕೆ ಇದೆಯೆಂದು ಲೀಲಾಧರನಿಗೆ ಮನವರಿಕೆ ಮಾಡಿಕೊಡಬೇಕು, ಅವನು ಒಪ್ಪಿದ ಮೇಲೆ ವಾಪಸು ಜೋಡಿಸಬೇಕು. ಅವನನ್ನು ಒಪ್ಪಿಸುವ ಹಠದಲ್ಲಿ ಮಕ್ಕಳು ಮನೆಯಲ್ಲಿ ಹೊತ್ತಿಗೆ ಮುಂಚೆ ಎದ್ದು ಓದಿಕೊಂಡು ಬರತೊಡಗಿದರು. ಕೊಡೇರಿಯ ದೋಣಿಯವರಿಗೆ ಮಾತ್ರ ತಾಪತ್ರಯ ಹತ್ತಿತು.

"ಲೀಲಾಧರಣ್ಣ, ನಮ್ಮ ಇಂಜಿನ್ ಆಯ್ತಾ?" ಎಂದು ಒಬ್ಬ ಬಾಗಿಲಲ್ಲಿ ಬಂದು ಕೇಳಿದರೆ, "ಅದ್ ಪಾಸ್ಟ್ ಟೆನ್ಸ್. ನಿಂದ್ ಪ್ರೆಸೆಂಟ್ ಕಂಟಿನ್ಯುವಸ್. ಆತಾ ಇತ್ತ್," ಎಂದು ಉತ್ತರ ಬರುತ್ತಿತ್ತು. ಕೇಳಿದವನು ಅದು ಯಾವುದೋ ಹೊಸ ಪಾರ್ಟೆಂದು ತಿಳಿದು ತರಿಸಲು ಎಷ್ಟು ದಿನ ಬೇಕೆಂದು ಕೇಳುತ್ತಿದ್ದ.

ವ್ಯಾಕರಣ ಹೀಗೆ ಸಾಗಿತು. ಪದ್ಯ ಬಂದಾಗ ಮಾತ್ರ ಗಾಡಿ ನಿಂತಿತು. ಪದ್ಯದಲ್ಲಿ ಗಂಡ ಕಡಲಿಗೆ ಹೋಗಿದ್ದಾನೆ, ಗಾಳಿ ಎದ್ದಿದೆ, ಹೆಂಡತಿ ಕಿಟಕಿಯಲ್ಲಿ ದೀಪ ಹಚ್ಚಿಟ್ಟು ಕೂತಿದ್ದಾಳೆ. ಆ ದೀಪ ಏನನ್ನು ಸೂಚಿಸುತ್ತದೆ ಎಂಬುದು ಪ್ರಶ್ನೆ. ದೀಪವು ಆಶಾವಾದದ ಸಂಕೇತ ಎಂದು ಗೈಡಿನಲ್ಲಿದ್ದ ಇಂಗ್ಲಿಷ್ ಉತ್ತರವನ್ನು ಶರಣ್ಯಾ ಕಣ್ಣು ಮುಚ್ಚಿ ಒಪ್ಪಿಸಿ, ಲೀಲಾಧರನಿಗಾಗಿ ಕನ್ನಡದಲ್ಲೂ ಹೇಳಿದಳು.

"ಆಶಾವಾದ ಅಂದ್ರೆ?" ಎಂದ ಲೀಲಾಧರ. ಮಕ್ಕಳು ಗೈಡಿನ ಪುಟ ತಿರುವತೊಡಗಿದರು.

ಮಾರಾಟ ಮುಗಿಸಿ ಬಂದು ಹೊರಗೆ ನಲ್ಲಿಯಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದ ಜಲಜ ಅಲ್ಲಿಂದಲೇ ಹೇಳಿದಳು. "ಯಾವ ಹೆಂಗ್ಸ್ ಆಶಾವಾದ ಮಾಡ್ಕಂಡ್ ಕೂಕಂತ್? ಅದ್ಕೆ ಹೆದ್ರಿಕಿ. ಕತ್ತಲಿಯಗೆ ಕೂಕಂಡ್ರೆ ಹೆದ್ರಿಕಿ ಇನ್ನೂ ಜಾಸ್ತಿ ಆತ್ತ್. ದೀಪ ಗಂಡಂಗಲ್ಲ. ತಂಗೇ ಹಚ್ಕಂಡದ್ದ್."

ಅಲ್ಲಿದ್ದ ಮಕ್ಕಳಲ್ಲಿ ಅನೇಕರ ಅಪ್ಪಂದಿರು ಕಡಲಿಗೆ ಹೋಗುವವರೇ. ಶರಣ್ಯಾ ಪೆನ್ನು ತೆಗೆದುಕೊಂಡು ಬರೆದು ಓದಿದಳು. "‘ಶಿ ಲಿಟ್ ದ ಲ್ಯಾಂಪ್ ಬಿಕಾಸ್ ಶಿ ವಾಸ್ ಅಫ್ರೇಡ್.’"

"ಅದ್ ಎಂತ ಓದದ್ದ್?" ಎಂದಳು ಜಲಜ ಒಳಗೆ ಬಂದು.

"ನೀ ಹೇಳದ್ದೇ ಅಮ್ಮ. ಇಂಗ್ಲಿಷಗೆ."

"ನಾ ಹೇಳದ್ದ್ ಇಂಗ್ಲಿಷಗೆ ಇಷ್ಟ್ ಲಾಯ್ಕ್ ಕೇಂತಾ? ಇನ್ನೊಂದ್ ಸಲ ಓದ್."

ಮರುದಿನದಿಂದ ಜಲಜಳೂ ಒಂದು ಡಬ್ಬಿ ಮಗುಚಿಕೊಂಡು ಕೂತಳು. ಮಗಳಿಗೆ ಕಾವಲು ಎಂದು ಕಾರಣ ಹೇಳಿದಳು.

ಶೆಡ್ಡಿನ ಕೀರ್ತಿ ಹೀಗೆ ಏರುತ್ತಿದ್ದಾಗ ಅದು ಯಾವುದೋ ಟ್ಯೂಶನ್ ಸೆಂಟರಿನವರ ಕಿವಿಗೂ ಬಿದ್ದು, ಅಲ್ಲಿಂದ ಶಿಕ್ಷಣ ಇಲಾಖೆಗೊಂದು ದೂರು ಹೋಯಿತು. ಒಂದು ಸಂಜೆ ಬೈಕಿನಿಂದ ಪ್ರವೀಣ್ ಎಂಬ ಅಧಿಕಾರಿ ಇಳಿದರು. ಬಹಳ ಶಿಸ್ತಿನ ಮನುಷ್ಯ. ಕುಳಿತುಕೊಳ್ಳುವ ಮೊದಲು ಡಬ್ಬಿಯ ಮೇಲೆ ಕರವಸ್ತ್ರ ಹಾಸಿದರು, ಆಮೇಲೆ ಆ ಕರವಸ್ತ್ರದ ಗ್ರೀಸನ್ನು ನೋಡಿ ನೋಯುತ್ತ ಪ್ರಶ್ನೆ ಆರಂಭಿಸಿದರು.

"ಇಲ್ಲಿ ಅನಧಿಕೃತ ಟ್ಯೂಶನ್ ನಡೆಯುತ್ತಿದೆ ಎಂದು ದೂರು ಬಂದಿದೆ. ಪಾಠ ಮಾಡುವವರು ಯಾರು?"

"ಈ ಮಕ್ಳ್," ಎಂದ ಲೀಲಾಧರ.

"ಮಕ್ಕಳೇ? ಹಾಗಾದರೆ ಕಲಿಯುವವರು?"

"ನಾ."

"ಫೀಸು?"

"ನಾ ಕೊಡುದಿಲ್ಲೆ. ಅವ್ರ್ ಕೇಂಬುದೂ ಇಲ್ಲೆ."

ಪ್ರವೀಣ್ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಅನಧಿಕೃತ ಟ್ಯೂಶನ್ ಎಂದರೆ ದೊಡ್ಡವರು ಮಕ್ಕಳಿಗೆ ಹೇಳಿಕೊಡುವುದು. ಇಲ್ಲಿ ಮಕ್ಕಳು ದೊಡ್ಡವರಿಗೆ ಹೇಳಿಕೊಡುತ್ತಿದ್ದರು. ಇದಕ್ಕೆ ಇಲಾಖೆಯಲ್ಲಿ ಒಂದೇ ಹೆಸರಿತ್ತು.

"ಇದು ವಯಸ್ಕರ ಶಿಕ್ಷಣ," ಎಂದರು. "ವಯಸ್ಕರ ಶಿಕ್ಷಣವನ್ನು ಇಲಾಖೆ ಪ್ರೋತ್ಸಾಹಿಸುತ್ತದೆ. ಆದರೆ ಕಲಿತದ್ದಕ್ಕೆ ಆಧಾರ ಬೇಕು. ನೀವು ಎಲ್ಲಿಯವರೆಗೆ ಓದಿದ್ದು?"

"ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಒಂದ್ ಬಾಕಿ ಇತ್ತ್."

"ಹಾಗಾದರೆ ಬರುವ ಸಪ್ಲಿಮೆಂಟರಿಗೆ ಕೂತುಕೊಳ್ಳಿ. ಖಾಸಗಿ ಅಭ್ಯರ್ಥಿಯಾಗಿ ನಾನೇ ವ್ಯವಸ್ಥೆ ಮಾಡಿಸುತ್ತೇನೆ. ನೀವು ಪಾಸಾದರೆ ಇದು ಶಿಕ್ಷಣ. ಫೇಲಾದರೆ ಇದು ಟ್ಯೂಶನ್. ಆಗ ಬಾಗಿಲು ಹಾಕಿಸಬೇಕಾಗುತ್ತದೆ."

ಸುದ್ದಿ ಕೇಳಿ ಜಿತೇಂದ್ರ ಮುಂಬೈಗೆ ಹೋಗುವ ಟಿಕೆಟ್ ರದ್ದು ಮಾಡಿದ. ಇಂಥದ್ದು ಠಾಣೆಯಲ್ಲಿ ನೋಡಲು ಸಿಗುವುದಿಲ್ಲ ಎಂದ. ಸರಸಳಿಗೆ ಸಿಟ್ಟು ಬಂತು. ಅದುವರೆಗೆ ಈ ಇಡೀ ವ್ಯವಹಾರವನ್ನು ಚಹಾ ಪುಡಿಯ ಖರ್ಚೆಂದಷ್ಟೇ ಪರಿಗಣಿಸಿದ್ದ ಅವಳು, ಅಣ್ಣ ನಕ್ಕದ್ದನ್ನು ಕೇಳಿದ ಕೂಡಲೇ ಗಂಡನ ಪಕ್ಷ ವಹಿಸಿ, ಅನ್ನ ಬಡಿಸುವ ಮೊದಲು ಸ್ಪೆಲ್ಲಿಂಗ್ ಕೇಳುವ ಪದ್ಧತಿ ಆರಂಭಿಸಿದಳು. ಸರಿ ಹೇಳಿದರೆ ಮೀನಿನ ನಡುತುಂಡು, ತಪ್ಪಿದರೆ ತಲೆ. ಮೊದಲ ವಾರ ಲೀಲಾಧರ ತಲೆಗಳನ್ನೇ ತಿಂದ.

ಜೂನ್ ಬಂತು. ಮೊದಲ ಗಾಳಿಗೇ ಬೋರ್ಡು ಹರಿದು, ಲೀಲಾಧರನ ಫೋಟೋ ಸಮೇತ ಕಡಲ ಕಡೆ ಹಾರಿಹೋಯಿತು. ಮಕ್ಕಳು ಹೇಳುವವರೆಗೆ ಅವನು ಅದನ್ನು ಗಮನಿಸಿರಲಿಲ್ಲ. ಅವನಿಗೆ ಆಗ ಪ್ರಿಪೊಸಿಷನ್ ಹಿಡಿದಿತ್ತು.

ಪರೀಕ್ಷೆ ಬೈಂದೂರಿನ ಒಂದು ಶಾಲೆಯಲ್ಲಿ. ಸರಸ ಮದುವೆಗೆ ಹೋಗುವವನಂತೆ ಅವನನ್ನು ತಯಾರು ಮಾಡಿ ಕಳಿಸಿದಳು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಎಣ್ಣೆ ಹಚ್ಚಿ ಬಾಚಿದ ತಲೆ. ಮೆಟ್ಟಿಲು ಹತ್ತಿ ಕೋಣೆಯ ಬಾಗಿಲಿಗೆ ಬರುತ್ತಲೇ ಒಳಗಿದ್ದ ಗುರುತಿಲ್ಲದ ಮಕ್ಕಳೆಲ್ಲ ದಡಕ್ಕನೆ ಎದ್ದು ನಿಂತು, "ಗುಡ್ ಮಾರ್ನಿಂಗ್ ಸರ್," ಎಂದರು.

"ಸಿಟ್ ಡೌನ್," ಎಂದ ಲೀಲಾಧರ. ಅಷ್ಟು ಅವನಿಗೆ ಬರುತ್ತಿತ್ತು.

ಆ ಕೋಣೆಯ ಮೇಲ್ವಿಚಾರಣೆಗೆ ಬಂದವರು ವಿಜೇತಾ ಎಂಬ ಹೊಸ ಟೀಚರು. ಅವರಿಗೆ ಅದು ಮೊದಲ ಪರೀಕ್ಷಾ ಡ್ಯೂಟಿ. ಬಿಳಿ ಅಂಗಿಯ ಗಂಭೀರ ಮನುಷ್ಯನೊಬ್ಬ ಕೋಣೆಯ ಮಧ್ಯೆ ನಿಂತು ಬೆಂಚುಗಳ ನಂಬರ್ ನೋಡುತ್ತಿದ್ದುದನ್ನು ಕಂಡು ನಕಲು ಹಿಡಿಯುವ ಸ್ಕ್ವಾಡಿನವರು ಬಂದೇಬಿಟ್ಟರೆಂದು ಅವರು ತಿಳಿದರು.

"ಸರ್, ಬನ್ನಿ ಸರ್, ಕೂತ್ಕೊಳ್ಳಿ," ಎಂದು ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು. "ನೀರು ತರಿಸ್ಲಾ ಸರ್?"

ತಾನು ಓದುವ ಕಾಲಕ್ಕೂ ಈಗಿನ ಕಾಲಕ್ಕೂ ಪರೀಕ್ಷೆ ಎಷ್ಟು ಸುಧಾರಿಸಿದೆಯೆಂದು ಲೀಲಾಧರನಿಗೆ ಮನಸ್ಸು ತುಂಬಿ ಬಂತು. ಕೂತ. ನೀರು ಕುಡಿದ. ಗಂಟೆ ಹೊಡೆಯಿತು. ವಿಜೇತಾ ಪ್ರಶ್ನೆಪತ್ರಿಕೆಯ ಕಟ್ಟು ಬಿಡಿಸಿ, ಅವನ ಮುಂದೆ ಹಿಡಿದು, "ಸರ್, ನೀವೇ ಕೊಡ್ತೀರಾ?" ಎಂದರು.

ಯಾರಾದರೂ ಸಹಾಯ ಕೇಳಿದರೆ ಇಲ್ಲವೆನ್ನುವವನಲ್ಲ ಅವನು. ಸಾಲು ಸಾಲಾಗಿ ಹೋಗಿ ಕೊಟ್ಟ. ಕೌಶಲ್‌ಗೆ ಕೊಟ್ಟ, ಶರಣ್ಯಾಗೆ ಕೊಟ್ಟ. ಕೊನೆಗೆ ಕೈಯಲ್ಲಿ ಒಂದು ಪತ್ರಿಕೆ ಉಳಿಯಿತು, ಕೋಣೆಯಲ್ಲಿ ಒಂದು ಜಾಗ ಉಳಿಯಿತು. ಲೀಲಾಧರ ಅಲ್ಲಿ ಹೋಗಿ ಕೂತು ಪೆನ್ನು ತೆಗೆದ.

"ಸರ್, ಅದು ಮಕ್ಕಳ ಬೆಂಚು," ಎಂದರು ವಿಜೇತಾ.

"ಹೌದ್ ಮೇಡಂ. ನಂಗೂ ಒಂದ್ ಬೇಕಲೆ," ಎಂದು ಅವನು ಹಾಲ್ ಟಿಕೆಟ್ ತೋರಿಸಿದ.

ವಿಜೇತಾ ಟೀಚರು ಅಲ್ಲೇ ಇದ್ದ ಉಳಿದ ನೀರನ್ನು ಕುಡಿದರು. ಮುಂದಿನ ಸಾಲಿನಲ್ಲಿ ಬೆವರಲು ಸಿದ್ಧನಾಗಿ ಕೂತಿದ್ದ ಕೌಶಲ್‌ಗೆ ನಗು ಉಕ್ಕಿ ಬಂದು, ಅದನ್ನು ತಡೆಯುವ ಗಡಿಬಿಡಿಯಲ್ಲಿ ಹೆದರಲು ಮರೆತುಹೋಯಿತು. ಪತ್ರಿಕೆ ತಿರುವಿದ. ಪ್ರತಿ ವಾಕ್ಯದ ಎದುರೂ ಲೀಲಾಧರನ ಪೆದ್ದು ಪ್ರಶ್ನೆಯೊಂದು ಕೇಳಿಸುತ್ತಿತ್ತು, ಅದಕ್ಕೆ ತಾನು ಕೊಟ್ಟಿದ್ದ ಉತ್ತರವೂ ಕೇಳಿಸುತ್ತಿತ್ತು. ಬರೆಯುತ್ತ ಹೋದ.

ಇತ್ತ ಲೀಲಾಧರನ ಕಷ್ಟ ಬೇರೆ. ನಿಮಗೆ ಇಷ್ಟವಾದ ವಸ್ತುವಿನ ಬಗ್ಗೆ ಪ್ರಬಂಧ ಬರೆಯಿರಿ ಎಂದಿತ್ತು. ಉಳಿದವರು ಮೊಬೈಲು, ಪುಸ್ತಕ ಎಂದು ಬರೆದರು. ಅವನು ಇಂಜಿನ್ ಬಗ್ಗೆ ಬರೆದ. ಕಾರ್ಬ್ಯುರೇಟರ್, ಗ್ಯಾಸ್ಕೆಟ್, ಲೂಬ್ರಿಕೇಶನ್ ಮುಂತಾದ ಶಬ್ದಗಳ ಸ್ಪೆಲ್ಲಿಂಗು ಡಬ್ಬಿಗಳ ಮೇಲೆ ನೋಡಿ ನೋಡಿ ಅವನಿಗೆ ಬಾಯಿಪಾಠ. ದೊಡ್ಡ ಶಬ್ದವೆಲ್ಲ ಸರಿ ಬಂದವು. ‘ದೆರ್’ ಎಂಬ ಚಿಕ್ಕ ಶಬ್ದದ ಹತ್ತಿರ ಮಾತ್ರ ಪೆನ್ನು ಬಹಳ ಹೊತ್ತು ನಿಂತಿತು. ಅದಕ್ಕೆ ಸ್ಪೆಲ್ಲಿಂಗು ಎರಡು ತರ ಇದೆಯೆಂದು ಶರಣ್ಯಾ ಹೇಳಿದ್ದಳು. ಎರಡನ್ನೂ ಅಲ್ಲಲ್ಲಿ ಬಳಸಿ ಎರಡಕ್ಕೂ ನ್ಯಾಯ ಒದಗಿಸಿದ.

ಫಲಿತಾಂಶದ ದಿನ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಣ್ಣಯ್ಯ ಹೊಸ ಪಂಚೆ ಉಟ್ಟು ಬಂದಿದ್ದರು. ದೋಣಿಯವರು ಬಂದಿದ್ದರು, ತಮ್ಮ ಇಂಜಿನ್‌ಗಳ ಭವಿಷ್ಯವೂ ಇದರಲ್ಲೇ ಇದೆಯೆಂದು ಅವರಿಗೆ ಗೊತ್ತಿತ್ತು. ಪ್ರವೀಣ್ ಸಾಹೇಬರು ಬಾಗಿಲು ಹಾಕಿಸಲೋ ಬೇಡವೋ ಎಂದು ನೋಡಲು ಬಂದಿದ್ದರು. ಈ ಸಲ ಕರವಸ್ತ್ರ ತೆಗೆಯದೆ ಹಾಗೇ ಕೂತರು. ಜಿತೇಂದ್ರ ಕಂಬಕ್ಕೆ ಒರಗಿ, ಕನ್ನಡಕ ಹಾಕಿಕೊಂಡು, ನಗಲು ತಯಾರಾಗಿ ನಿಂತಿದ್ದ.

ಶರಣ್ಯಾಳ ಮೊಬೈಲಿನಲ್ಲಿ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಮೊದಲು ಅವಳದೇ ಬಂತು. ಪಾಸು, ಅದೂ ಕ್ಲಾಸಿನಲ್ಲಿ ಯಾರೂ ನಂಬದಷ್ಟು ಅಂಕ. ಜಲಜ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತಳು, ಮೊಬೈಲು ನಡುವೆ ಸಿಕ್ಕಿಕೊಂಡು ಉಳಿದವರ ಫಲಿತಾಂಶ ತಡವಾಯಿತು. ಆಮೇಲೆ ಕೌಶಲ್. ಪಾಸು. ಅಣ್ಣಯ್ಯ ಪಕ್ಕದಲ್ಲಿದ್ದ ಪ್ರವೀಣ್ ಸಾಹೇಬರ ಕೈಯನ್ನೇ ಹಿಡಿದು ಕುಲುಕಿದರು. ಒಬ್ಬೊಬ್ಬರಾಗಿ ಎಲ್ಲ ಮಕ್ಕಳದೂ ಬಂತು. ಎಲ್ಲರೂ ಪಾಸು.

"ಇನ್ ಮಾಮಂದ್," ಎಂದಳು ಶರಣ್ಯಾ.

ಲೀಲಾಧರ ನೋಡಲಿಲ್ಲ. ಶೆಡ್ಡಿನ ಮೂಲೆಗೆ ಹೋಗಿ ಒಂದು ಇಂಜಿನ್ನಿನ ಒಳಗೆ ತಲೆ ಹಾಕಿ, ಇಲ್ಲದ ಬೋಲ್ಟನ್ನು ಬಿಗಿಮಾಡತೊಡಗಿದ. ಸರಸ ಅಲ್ಲಿಗೆ ಹೋಗಿ, ಯಾರಿಗೂ ಕಾಣದಂತೆ ಅವನ ಅಂಗಿಯ ತುದಿಯನ್ನು ಹಿಡಿದುಕೊಂಡಳು. ಚಕ್ರ ತಿರುಗಿತು.

"ಪಾಸ್," ಎಂದ ಕೌಶಲ್, ಶರಣ್ಯಾಳ ಹೆಗಲ ಮೇಲಿಂದ ಓದಿ. "ಕರೆಕ್ಟ್ ಪಾಸಿಗೆ ಬೇಕಾದಷ್ಟೇ. ಒಂದೂ ಜಾಸ್ತಿ ಇಲ್ಲೆ."

"ಜಾಸ್ತಿ ಎಂತಕೆ," ಎಂದಳು ಸರಸ, ಮೂಗು ಒರೆಸಿಕೊಂಡು. "ತಕಂಡ್ ಎಂತ ಮಾಡೂದ್?"

ಆಮೇಲಿನ ಗದ್ದಲವನ್ನು ವರ್ಣಿಸುವುದು ಕಷ್ಟ. ದೋಣಿಯವರು ಲೀಲಾಧರನನ್ನು ಎತ್ತಿ ತಗಡಿಗೆ ತಲೆ ಬಡಿಯುವಷ್ಟು ಮೇಲೆ ಹಾರಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತು, ಕಂಡಕ್ಟರ್ ಇಳಿದು ವಿಷಯ ಕೇಳಿ, ಕೈಕುಲುಕಿ ಹೋದ. ಪ್ರವೀಣ್ ಎದ್ದು ನಿಂತು, ಇದು ಶಿಕ್ಷಣವೇ ಎಂದು ಇಲಾಖೆಯ ಪರವಾಗಿ ಘೋಷಿಸಿದರು. ಮುಂದಿನ ವರ್ಷವೂ ನಡೆಯಲಿ, ಯಾರೂ ಕೇಳುವುದಿಲ್ಲ ಎಂದರು. ಆಮೇಲೆ ಕಚೇರಿಯ ಗಂಭೀರ ದನಿ ಬಿಟ್ಟು, "ಲೀಲಾಧರಣ್ಣ, ಈಗ ಇಂಗ್ಲಿಷಗೆ ಒಂದ್ ಮಾತ್ ಆಡ್ಕ್ ನೀವ್," ಎಂದರು. ಅವರೂ ಈ ಕಡೆಯವರೇ ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಗದ್ದಲ ನಿಂತಿತು. ಲೀಲಾಧರ ಅಂಗಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಸ್ಪಷ್ಟವಾಗಿ ಹೇಳಿದ.

"ಐ ಹ್ಯಾಸ್ ಪಾಸ್ಡ್."

"ಹ್ಯಾವ್," ಎಂದು ಇಡೀ ಶೆಡ್ಡು ಒಂದೇ ಸ್ವರದಲ್ಲಿ ಹೇಳಿತು. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸಿದ್ದು ಜಲಜಳ ಸ್ವರ.

ಕಂಬಕ್ಕೆ ಒರಗಿದ್ದ ಜಿತೇಂದ್ರ ಮಾತ್ರ ಏನೂ ಹೇಳಲಿಲ್ಲ. ಎಲ್ಲರೂ ನಗುತ್ತ ಚಹಾದ ಲೋಟಗಳಿಗೆ ಕೈಹಾಕುತ್ತಿದ್ದಾಗ ಅವನು ಕಪ್ಪು ಕನ್ನಡಕ ತೆಗೆದು ಕಿಸೆಗಿಟ್ಟು, ಕೌಶಲ್‌ನ ಬಳಿಗೆ ಸರಿದು, ಬೇರೆ ಯಾರಿಗೂ ಕೇಳದಂತೆ ಬಗ್ಗಿ ಕೇಳಿದ.

"ಹ್ವಾಯ್, ಹ್ಯಾಸ್ ಎಂತಕೆ ಆತ್ತಿಲ್ಲೆ?"

ಕೌಶಲ್ ಅವನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದ. ಈಗ ಅವನ ಎತ್ತರವೆಲ್ಲ ನೆಟ್ಟಗೆ ನಿಂತಿತ್ತು.

"ನಾಳಿಗೆ ಬನ್ನಿ," ಎಂದ. "ಇವತ್ ರಜೆ."